‘ಇತರೆ’ ಎಂದು ಒತ್ತಿದ ದಿನ

ಕಳೆದ ತಿಂಗಳು ಒಂದು ಕಂಪನಿಗೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಿದ್ದೆ. ಹೆಸರು, ಊರು, ಮೊಬೈಲ್ ನಂಬರ್ ಎಲ್ಲ ಸರಾಗವಾಗಿ ಮುಗಿಯಿತು. ‘ನಿಮ್ಮ ವಿಶ್ವವಿದ್ಯಾಲಯ ಆಯ್ಕೆ ಮಾಡಿ’ ಎನ್ನುವ ಕಡೆ ಬಂದು ನಿಂತೆ. ಒತ್ತಿದರೆ ಉದ್ದನೆಯ ಪಟ್ಟಿ ತೆರೆದುಕೊಂಡಿತು. ಐಐಟಿ, ಐಐಎಂಗಳು ಇದ್ದವು. ಹೆಸರು ಕೇಳಿದ, ಕೇಳದ ಹತ್ತಾರು ಖಾಸಗಿ ವಿಶ್ವವಿದ್ಯಾಲಯಗಳು ಇದ್ದವು. ಕಂಪನಿ ಇರುವುದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಕೆಲಸವೂ ಬೆಂಗಳೂರಿನದೇ. ಆದರೆ ಬೆಂಗಳೂರು ವಿಶ್ವವಿದ್ಯಾಲಯ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಕಣ್ತಪ್ಪಿರಬೇಕು ಎಂದು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಕೊನೆಯ ಸಾಲಿನಲ್ಲಿ ‘ಇತರೆ’ ಎಂದಿತ್ತು. ಅದನ್ನೇ ಒತ್ತಿದೆ. ಅಲ್ಲಿಂದ ಕರೆ ಬರಲಿಲ್ಲ, ಅದು ಬೇರೆ ವಿಷಯ.

ಪಟ್ಟಿಯಲ್ಲಿ ನನಗೆ ನಗು ತರಿಸಿದ ಒಂದು ಹೆಸರೂ ಇತ್ತು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ನಮ್ಮ ಜ್ಞಾನಭಾರತಿ ಆವರಣಕ್ಕೆ ಅಂಟಿಕೊಂಡಂತೆಯೇ ಇರುವ ಸಂಸ್ಥೆ ಅದು. ದೇಶದಲ್ಲೇ ದೊಡ್ಡ ಹೆಸರು ಮಾಡಿರುವ ಆ ಶಾಲೆ 1980ರ ದಶಕದ ಕೊನೆಯಲ್ಲಿ ಶುರುವಾದಾಗ ಮೊದಲ ತರಗತಿಗಳು ನಡೆದದ್ದು ಬೆಂಗಳೂರು ವಿವಿಯ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಆಮೇಲೆ ಅದಕ್ಕೆ ಸ್ವಂತ ನೆಲೆ ಸಿಕ್ಕಿದ್ದೂ ನಮ್ಮ ವಿವಿಯ ಜಾಗದಲ್ಲೇ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆ ಶಾಲೆಗೆ ಸಿಗಬೇಕಾದ ಗೌರವ ಸಿಕ್ಕಿದೆ, ಸಂತೋಷ. ಜಾಗ ಬಿಟ್ಟುಕೊಟ್ಟವರು ‘ಇತರೆ’ ಆಗಿದ್ದು ಹೇಗೆ ಎನ್ನುವುದಷ್ಟೇ ನನ್ನ ಪ್ರಶ್ನೆ.

ನಾನು ಮಾಗಡಿ ತಾಲ್ಲೂಕಿನ ಹಳ್ಳಿಯವಳು. ಅಪ್ಪ ರೇಷ್ಮೆ ಬೆಳೆಗಾರ. ಒಂದೂವರೆ ಎಕರೆ ಹಿಪ್ಪುನೇರಳೆ, ಹುಳು ಸಾಕುವ ಒಂದು ಮನೆ, ಗೂಡು ಕಟ್ಟಿದ ಮೇಲೆ ರಾಮನಗರದ ಮಾರುಕಟ್ಟೆ. ಅಪ್ಪನ ಒಂದು ಬೆಳೆಯ ಗೂಡಿನ ದುಡ್ಡಿನಲ್ಲಿ ನನ್ನ ಎರಡು ವರ್ಷದ ಎಂ.ಕಾಂ. ಫೀಸು ಮುಗಿಯಿತು. ಸೇರಿದ್ದು 2022ರ ಕೊನೆಯಲ್ಲಿ. ಮರುವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಬಸ್ಸಿನ ಖರ್ಚೂ ಇಲ್ಲವಾಯಿತು. ಬೆಳಿಗ್ಗೆ ಆರೂವರೆಗೆ ಊರು ಬಿಟ್ಟು, ಸುಮನಹಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ ಹತ್ತಿ ನಾಗರಬಾವಿ ಕಡೆಯಿಂದ ಕ್ಯಾಂಪಸ್ಸಿಗೆ ಹೋಗುತ್ತಿದ್ದೆ. ಎರಡನೇ ವರ್ಷ ಹಾಸ್ಟೆಲ್ ಸಿಕ್ಕಿತು.

ಈಗ ಈ ಮಾತು ಬರೆಯಲು ಕಾರಣ ನನ್ನ ತಂಗಿ. ಮಾಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅವಳ ಬಿ.ಕಾಂ. ಮುಗಿಯುತ್ತಿದೆ. ಮುಂದೇನು ಎಂಬ ಚರ್ಚೆ ಮನೆಯಲ್ಲಿ ದಿನಾ ರಾತ್ರಿ ಊಟದ ಹೊತ್ತಿಗೆ ಏಳುತ್ತದೆ. ನಮ್ಮ ಸೋದರಮಾವ ಒಂದು ಖಾಸಗಿ ವಿಶ್ವವಿದ್ಯಾಲಯದ ಬಣ್ಣದ ಪುಸ್ತಕ ತಂದುಕೊಟ್ಟಿದ್ದಾರೆ. ಗಾಜಿನ ಕಟ್ಟಡ, ಹಸಿರು ಹುಲ್ಲು, ಕೋಟು ತೊಟ್ಟ ಹುಡುಗ ಹುಡುಗಿಯರು. ಎಂಬಿಎ ಫೀಸಿಗೆ ಬ್ಯಾಂಕ್ ಸಾಲ ಮಾಡಬೇಕು, ಸಾಲಕ್ಕೆ ಜಮೀನಿನ ಪತ್ರ ಇಡಬೇಕು. ‘ದೊಡ್ಡವಳನ್ನ ಗೌರ್ಮೆಂಟ್ ಯೂನಿವರ್ಸಿಟಿಗೆ ಹಾಕಿ ನೋಡಿದ್ದಾಯ್ತಲ್ಲ ಭಾವ, ಇವಳನ್ನಾದರೂ ಒಳ್ಳೆ ಕಡೆ ಸೇರಿಸಿ’ ಎಂದು ಮಾವ ಅಪ್ಪನಿಗೆ ಹೇಳಿದಾಗ ನಾನು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದೆ. ಕೇಳಿಸಿಯೂ ಕೇಳಿಸದವಳಂತೆ ಇದ್ದೆ. ಮಾವನ ಮೇಲೆ ಕೋಪವಿಲ್ಲ. ಆ ಪಟ್ಟಿ ಮಾಡಿದ ಕಂಪನಿಯವರು ಹೇಳಿದ್ದನ್ನೇ ಅವರು ಹಳ್ಳಿ ಭಾಷೆಯಲ್ಲಿ ಹೇಳಿದ್ದರು.

ಅದಕ್ಕೂ ಮೊದಲು ಒಂದು ಸಂದರ್ಶನದಲ್ಲಿ, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದಾದ ಎಚ್‌ಆರ್ ಹುಡುಗಿ, ‘ಅಲ್ಲಿ ರೆಗ್ಯುಲರ್ ಆಗಿ ಕ್ಲಾಸ್ ನಡೆಯುತ್ತಾ?’ ಎಂದು ಕೇಳಿದ್ದಳು. ಕುಹಕವಿರಲಿಲ್ಲ, ನಿಜವಾಗಿ ಗೊತ್ತಿಲ್ಲದೆಯೇ ಕೇಳಿದ್ದಳು. ‘ನಡೆಯುತ್ತೆ ಮೇಡಂ’ ಎಂದೆ. ಅಷ್ಟು ಬಿಟ್ಟು ಬೇರೆ ಏನೂ ಹೇಳಲು ತೋಚಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಮೇಲೆಯೇ ಬೇಸರವಾಯಿತು. ಎರಡು ವರ್ಷ ಓದಿದ ಜಾಗದ ಬಗ್ಗೆ ನನಗೆ ಗೊತ್ತಿದ್ದದ್ದಾದರೂ ಎಷ್ಟು? ಪರೀಕ್ಷೆ ದಿನಾಂಕ, ಕ್ಯಾಂಟೀನಿನ ಮೆನು, ಲೈಬ್ರರಿ ಬಾಗಿಲು ಹಾಕುವ ಹೊತ್ತು. ಆಮೇಲೆ ಕೂತು ಓದಿದೆ, ಗುರುಗಳನ್ನು ಕೇಳಿದೆ. ಆ ದಿನ ಹೇಳಬೇಕಿದ್ದ ಉತ್ತರವನ್ನು ಈಗ ಇಲ್ಲಿ ಹೇಳುತ್ತಿದ್ದೇನೆ.

ಬೆಂಗಳೂರು ವಿಶ್ವವಿದ್ಯಾಲಯ ಅಧಿಕೃತವಾಗಿ ಹುಟ್ಟಿದ್ದು 1964ರ ಜುಲೈನಲ್ಲಿ. ಆದರೆ ಅದರ ಬೇರು ಅದಕ್ಕಿಂತ ನೂರು ವರ್ಷ ಹಿಂದಿನದು. 1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂಬ ಶಾಲೆ ಶುರುವಾಯಿತು. ಅದೇ ಬೆಳೆದು 1875ರ ಹೊತ್ತಿಗೆ ಸೆಂಟ್ರಲ್ ಕಾಲೇಜ್ ಆಯಿತು. ಆಗ ನಮ್ಮ ಸೀಮೆಗೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ. ಪಾಠ ಬೆಂಗಳೂರಿನಲ್ಲಿ, ಪರೀಕ್ಷೆ ಮತ್ತು ಪದವಿ ಮದ್ರಾಸು ವಿಶ್ವವಿದ್ಯಾಲಯದ್ದು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ರಾಜಾಜಿ ಓದಿದ್ದು ಇದೇ ಸೆಂಟ್ರಲ್ ಕಾಲೇಜಿನಲ್ಲಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಆದ ಮೇಲೆ ಕಾಲೇಜು ಅದರ ತೆಕ್ಕೆಗೆ ಬಂತು. ಮರುವರ್ಷವೇ, 1917ರಲ್ಲಿ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಕೆ.ಆರ್. ಸರ್ಕಲ್‌ನ ಯುವಿಸಿಇ ಅದೇ.

1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಬೆಳಕಿನ ಸಂಶೋಧನೆಯ ಬಗ್ಗೆ ವಿಸ್ತಾರವಾಗಿ ಉಪನ್ಯಾಸ ಕೊಟ್ಟದ್ದು ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಎರಡೇ ವರ್ಷಕ್ಕೆ ಆ ಕೆಲಸಕ್ಕೆ ನೊಬೆಲ್ ಬಂತು. ಭಾರತರತ್ನ ಸಿ.ಎನ್.ಆರ್. ರಾವ್ ಬಿ.ಎಸ್ಸಿ. ಮಾಡಿದ್ದು ಇಲ್ಲೇ. ವಿಮಾನ ವಿಜ್ಞಾನದ ರೊದ್ದಂ ನರಸಿಂಹ ಅವರು ಬಿ.ಇ. ಓದಿದ್ದು ಕೆ.ಆರ್. ಸರ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಮೆಟ್ರೊದಲ್ಲಿ ಹೋಗುವಾಗ ‘ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜು’ ಎಂದು ದಿನಾ ಕೂಗುತ್ತಾರೆ. ಆ ಕೂಗಿನ ಹಿಂದೆ ಇಷ್ಟೆಲ್ಲ ಇದೆ ಎಂದು ನನಗೆ ಪದವಿ ಮುಗಿದ ಮೇಲೆ ಗೊತ್ತಾಯಿತು.

ದೊಡ್ಡವರ ಹೆಸರು ಪೋಣಿಸಿ ನಮ್ಮ ವಿವಿ ದೊಡ್ಡದು ಎನ್ನುವುದು ಸುಲಭ. ಎಲ್ಲ ಹಳೆಯ ಕಾಲೇಜುಗಳೂ ಅದನ್ನೇ ಮಾಡುತ್ತವೆ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು 1964ರ ಆಚೆಯ ಕಥೆ. ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡನ್ನೂ ಒಳಗೆ ಸೇರಿಸಿಕೊಂಡು, ಬೆಳೆಯುತ್ತಿದ್ದ ನಗರಕ್ಕೆ ಅದರದೇ ಒಂದು ವಿಶ್ವವಿದ್ಯಾಲಯ ಬೇಕು ಎಂದು ಮೈಸೂರಿನಿಂದ ಬೇರೆ ಮಾಡಿ ಕಟ್ಟಿದ್ದು ಇದು. ನಗರದ ವಿಶ್ವವಿದ್ಯಾಲಯ ಎಂದರೆ ಹಗಲು ಗುಮಾಸ್ತೆ ಕೆಲಸ ಮಾಡಿ ಸಂಜೆ ಓದುವವನು, ಗಿರಣಿ ಕೂಲಿಯ ಮಗ, ಹತ್ತಿರದ ತಾಲ್ಲೂಕುಗಳಿಂದ ಬಸ್ಸು ಹಿಡಿದು ಬರುವ ನನ್ನಂಥವಳು, ಎಲ್ಲರಿಗೂ ಬಾಗಿಲು ತೆರೆದಿರುವ ಜಾಗ. ಆರಂಭದ ವರ್ಷಗಳಲ್ಲಿ ವಿ.ಕೃ. ಗೋಕಾಕರು ಕುಲಪತಿಯಾಗಿದ್ದರು. 1970ರ ದಶಕದಲ್ಲಿ ಆ ಕುರ್ಚಿಗೆ ಬಂದವರು ಎಚ್. ನರಸಿಂಹಯ್ಯ.

ಎಚ್ಚೆನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ಎರಡು ದಿನ ನಡೆದು ಬಂದರಂತೆ. ಬಸ್ಸಿಗೆ ಕಾಸಿರಲಿಲ್ಲ. ನ್ಯಾಷನಲ್ ಹೈಸ್ಕೂಲು, ಆಮೇಲೆ ಸೆಂಟ್ರಲ್ ಕಾಲೇಜು. ನಡುವೆ 1942ರ ಚಳವಳಿಗೆ ಓದು ಬಿಟ್ಟು ಜೈಲಿಗೆ ಹೋದರು. ಭೌತವಿಜ್ಞಾನ ಕಲಿತು, ಅಮೆರಿಕದ ಒಹಾಯೊದಲ್ಲಿ ಪಿಎಚ್.ಡಿ. ಮಾಡಿ ಬಂದರು. ಬಂದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು. ಖಾದಿ ಜುಬ್ಬಾ, ಗಾಂಧಿ ಟೋಪಿ. ಇಂಥವರು ಕುಲಪತಿ ಆದಾಗಲೇ, 1973ರಲ್ಲಿ, ಜ್ಞಾನಭಾರತಿ ಕ್ಯಾಂಪಸ್ ಶುರುವಾದದ್ದು. ಮೈಸೂರು ರಸ್ತೆ ಮತ್ತು ನಾಗರಬಾವಿ ನಡುವೆ ಸುಮಾರು 1,100 ಎಕರೆ. ಆಗ ಅದು ಊರಾಚೆ. ಸಂಗೀತ, ನೃತ್ಯ, ನಾಟಕಗಳಿಗೆ ವಿಶ್ವವಿದ್ಯಾಲಯದಲ್ಲಿ ವಿಭಾಗ ತೆರೆದದ್ದೂ ಅವರೇ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ವಿವಿಯಿಂದಲೇ ಒಂದು ಸಮಿತಿ ಮಾಡಿದರು. ದೇಶದ ದೊಡ್ಡ ದೊಡ್ಡವರಿಗೆ ಅದರಿಂದ ಇರಿಸುಮುರಿಸಾಯಿತು. ಪ್ರಶ್ನೆ ಕೇಳುವುದು ವಿಶ್ವವಿದ್ಯಾಲಯದ ಕೆಲಸ ಎಂದು ನಂಬಿದ್ದ ಮನುಷ್ಯ, ಕುರ್ಚಿಯಲ್ಲಿ ಕೂತ ಮೇಲೂ ಅದನ್ನು ಮರೆಯಲಿಲ್ಲ. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಕೆಲಸ ಹುಡುಕುತ್ತಿರುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಸ್ಫೂರ್ತಿ ಗೀರ್ತಿ ಅಂತಲ್ಲ, ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿದವರು ಬರೆದ ಪುಸ್ತಕ ಅನ್ನುವುದಕ್ಕೆ.

ಅದೇ ಕಾಲದಲ್ಲಿ ಕನ್ನಡ ವಿಭಾಗದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯುತ್ತಿತ್ತು. ಜಿ.ಎಸ್. ಶಿವರುದ್ರಪ್ಪನವರ ಮುಂದಾಳತ್ವದಲ್ಲಿ ಕನ್ನಡ ಅಧ್ಯಯನ ಕೇಂದ್ರ ಬೆಳೆಯಿತು. ಅಲ್ಲಿಗೆ ಓದಲು ಬಂದ ಹುಡುಗರಲ್ಲಿ ಒಬ್ಬರು ನಮ್ಮ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯ. ಕೂಲಿ ಮಾಡುತ್ತಿದ್ದ ದಲಿತ ಕುಟುಂಬದ ಮಗ. ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾದರು. 1975ರಲ್ಲಿ ಬಂದ ಅವರ ‘ಹೊಲೆಮಾದಿಗರ ಹಾಡು’ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್ ಅದೇ ವಿಭಾಗದ ಮೇಷ್ಟ್ರು. ಮುಂದೆ ಷಿಕಾಗೊ ವಿಶ್ವವಿದ್ಯಾಲಯದ ತನಕ ಹೋಗಿ ಪಾಠ ಹೇಳಿದರು. ಕಿ.ರಂ. ನಾಗರಾಜ ಅವರ ಪಾಠ ಕೇಳಲು ಬೇರೆ ವಿಭಾಗದವರೂ ಹೋಗಿ ಕೂರುತ್ತಿದ್ದರು ಎಂದು ಹಿರಿಯರು ಈಗಲೂ ನೆನೆಯುತ್ತಾರೆ. ನಾನು ಕಾಮರ್ಸಿನವಳು, ಈ ಹೆಸರುಗಳು ನನಗೆ ಪಿಯುಸಿ ಕನ್ನಡ ಪುಸ್ತಕದಿಂದ ಮಾತ್ರ ಗೊತ್ತಿದ್ದವು. ನಾನು ದಿನಾ ನಡೆದು ಹೋಗುತ್ತಿದ್ದ ದಾರಿಯಲ್ಲೇ ಅವರೂ ನಡೆದಿದ್ದರು ಎಂದು ಯಾರೂ ಹೇಳಿರಲಿಲ್ಲ.

ಕೂಲಿಯವರ ಮಗ, ನೇಕಾರರ ಮಗ, ನಡೆದು ಬಂದ ಹುಡುಗ. ಇವರನ್ನು ಒಳಗೆ ಬಿಟ್ಟುಕೊಂಡದ್ದು ಒಂದು ಸಾರ್ವಜನಿಕ ಸಂಸ್ಥೆ. ಮಾವ ತಂದ ಬಣ್ಣದ ಪುಸ್ತಕದ ಫೀಸು ಆಗ ಇದ್ದಿದ್ದರೆ ಇವರಲ್ಲಿ ಯಾರೂ ಗೇಟು ದಾಟುತ್ತಿರಲಿಲ್ಲ. ಕಂಪನಿಗಳ ಪಟ್ಟಿ ತಯಾರಾಗುವುದು ಎಷ್ಟು ಜನರನ್ನು ಹೊರಗಿಟ್ಟರು ಎಂಬ ಲೆಕ್ಕದಲ್ಲಿ. ಎಷ್ಟು ಜನರನ್ನು ಒಳಗೆ ತೆಗೆದುಕೊಂಡರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಹಾಗಂತ ನಮ್ಮ ವಿವಿಯಲ್ಲಿ ಎಲ್ಲ ಸರಿಯಿದೆ ಎಂದು ವಾದಿಸಲು ನಾನು ಹೊರಟಿಲ್ಲ. ಕನ್ನಡ ಪತ್ರಿಕೆ ಓದುವ ಯಾರಿಗಾದರೂ ರಾಜ್ಯದ ವಿಶ್ವವಿದ್ಯಾಲಯಗಳ ಸ್ಥಿತಿ ಗೊತ್ತು. ಆದರೆ ತಪ್ಪು ಎಲ್ಲಿಂದ ಶುರುವಾಯಿತು ಎನ್ನುವುದನ್ನು ಯಾರೂ ಮಾತಾಡುವುದಿಲ್ಲ. 1857ರಲ್ಲಿ ಬ್ರಿಟಿಷರು ಕಲ್ಕತ್ತ, ಬಾಂಬೆ, ಮದ್ರಾಸಿನಲ್ಲಿ ವಿಶ್ವವಿದ್ಯಾಲಯ ತೆರೆದಾಗ ಅವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ, ಲಂಡನ್ ಮಾದರಿಯಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಟ್ಟು ಪರೀಕ್ಷೆ ನಡೆಸುವ ಕಚೇರಿಗಳಾಗಿದ್ದವು. ಆ ಗುಣ ನಮ್ಮನ್ನು ಇನ್ನೂ ಬಿಟ್ಟಿಲ್ಲ. ನಗರದ ಕೆಲವೇ ಕಾಲೇಜುಗಳಿಗೆಂದು ಆದ ಬೆಂಗಳೂರು ವಿವಿ ಐವತ್ತು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಕಾಲೇಜುಗಳ ಭಾರ ಹೊತ್ತುಕೊಂಡಿತು. ಅಷ್ಟು ಕಾಲೇಜುಗಳ ಪ್ರಶ್ನೆಪತ್ರಿಕೆ ತಯಾರಿಸಿ, ಮೌಲ್ಯಮಾಪನ ಮಾಡಿಸಿ, ಅಂಕಪಟ್ಟಿ ಅಚ್ಚು ಹಾಕಿಸಿ, ತಪ್ಪು ತಿದ್ದಿ ಕೊಡುವುದರಲ್ಲಿ ಯಾವ ಕುಲಪತಿಗಾದರೂ ಸಂಶೋಧನೆ ಬಗ್ಗೆ ಯೋಚಿಸಲು ಪುರುಸೊತ್ತು ಎಲ್ಲಿರುತ್ತದೆ?

ಸರ್ಕಾರ ಕಂಡುಕೊಂಡ ಪರಿಹಾರ ಒಡೆಯುವುದು. ತುಮಕೂರು 2004ರಲ್ಲೇ ಬೇರೆಯಾಗಿತ್ತು. 2017ರಲ್ಲಿ ಉಳಿದದ್ದನ್ನು ಮೂರು ಮಾಡಿದರು. ಜ್ಞಾನಭಾರತಿಯಲ್ಲಿ ಹಳೆಯ ಬೆಂಗಳೂರು ವಿವಿ, ಸೆಂಟ್ರಲ್ ಕಾಲೇಜಿನಲ್ಲಿ ಬೆಂಗಳೂರು ಕೇಂದ್ರ ವಿವಿ, ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿವಿ. ಕಾಲೇಜುಗಳನ್ನು ಹಂಚಿದ್ದು ತಪ್ಪಲ್ಲ, ಅದು ಆಗಲೇಬೇಕಿತ್ತು. ಆದರೆ ವಿಶ್ವವಿದ್ಯಾಲಯ ಒಡೆದಂತೆ ಅದರ ಇತಿಹಾಸವೂ ಒಡೆಯಿತು. ಬೇರು ಸೆಂಟ್ರಲ್ ಕಾಲೇಜಿನದು ಎಂದೆನಲ್ಲ, ಆ ಸೆಂಟ್ರಲ್ ಕಾಲೇಜು ಈಗ ಬೇರೆ ವಿವಿಯ ಪಾಲು. ಅದರ ಹೆಸರು ‘ಕೇಂದ್ರ’ ಹೋಗಿ ‘ನಗರ’ ಆಯಿತು, 2025ರ ಬಜೆಟ್‌ನಲ್ಲಿ ಡಾ. ಮನಮೋಹನ್ ಸಿಂಗ್ ಹೆಸರಿಡುವ ಘೋಷಣೆಯೂ ಬಂತು. ಯುವಿಸಿಇ ಪ್ರತ್ಯೇಕ ಕಾಯ್ದೆಯಡಿ ಸ್ವಾಯತ್ತವಾಗಿ ಹೊರಗೆ ಹೋಯಿತು. ಮನಮೋಹನ್ ಸಿಂಗ್ ದೊಡ್ಡ ಅರ್ಥಶಾಸ್ತ್ರಜ್ಞರು, ಆಕ್ಷೇಪವಿಲ್ಲ. ಆದರೆ ಕೆಲಸ ಹುಡುಕುವ ಹುಡುಗನ ಕಷ್ಟ ಯೋಚಿಸಿ. ಬಿ.ಕಾಂ. ಅಂಕಪಟ್ಟಿಯಲ್ಲಿ ಒಂದು ಹೆಸರು, ಎಂ.ಕಾಂ. ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು, ಗೂಗಲ್‌ನಲ್ಲಿ ಹುಡುಕಿದರೆ ಮೂರನೆಯ ಹೆಸರು. ಹೊರರಾಜ್ಯದ ಎಚ್‌ಆರ್‌ಗೆ ಇದನ್ನು ವಿವರಿಸುವಷ್ಟರಲ್ಲಿ ಸಂದರ್ಶನದ ಸಮಯ ಮುಗಿದಿರುತ್ತದೆ.

ಒಡೆದವರು ಮೇಷ್ಟ್ರುಗಳನ್ನು ತುಂಬಿದ್ದರೆ ನಾನು ಸುಮ್ಮನಿರುತ್ತಿದ್ದೆ. ರಾಜ್ಯದ ವಿವಿಗಳಲ್ಲಿ ಕಾಯಂ ಪ್ರಾಧ್ಯಾಪಕರು ನಿವೃತ್ತರಾದಂತೆ ಆ ಜಾಗಗಳಿಗೆ ಬರುತ್ತಿರುವವರು ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಪದವೇ ವಿಚಿತ್ರ. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವರನ್ನು ಯಾರಾದರೂ ಅತಿಥಿ ಅನ್ನುತ್ತಾರೆಯೇ? ಚೆನ್ನಾಗಿ ಪಾಠ ಹೇಳುವವರು ಅವರಲ್ಲಿ ಬಹಳ ಜನ ಇದ್ದಾರೆ, ನನಗೆ ಕಾಸ್ಟಿಂಗ್ ಅರ್ಥ ಮಾಡಿಸಿದವರು ಅಂಥವರೊಬ್ಬರು. ಆದರೆ ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರು ನಾಲ್ಕು ವರ್ಷದ ಸಂಶೋಧನೆಗೆ ಕೈ ಹಾಕುವುದು ಹೇಗೆ? ಇತ್ತ ಹೊಸ ವಿವಿಗಳನ್ನು ಘೋಷಿಸುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ 2025ರ ಫೆಬ್ರುವರಿಯಲ್ಲಿ, ಹೊಸದಾಗಿ ಆಗಿದ್ದ ಒಂಬತ್ತು ವಿವಿಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ಹಣವಿಲ್ಲದೆ ತೆರೆಯುವುದು, ಹಣವಿಲ್ಲವೆಂದು ಮುಚ್ಚುವುದು. ನಡುವೆ ಸೇರಿದ ಮಕ್ಕಳು ಏನು ಮಾಡಬೇಕು ಎನ್ನುವುದು ಎರಡೂ ಸಲ ಯಾರ ತಲೆಗೂ ಹೊಳೆದಂತಿಲ್ಲ.

ಕ್ಯಾಂಪಸ್ಸಿನ ಕಥೆಯೂ ಅಷ್ಟೇ. ಎಚ್ಚೆನ್ ಕಾಲದಲ್ಲಿ ಊರಾಚೆ ಇದ್ದ ಜ್ಞಾನಭಾರತಿಯ ಸುತ್ತ ಈಗ ಊರು ಬೆಳೆದು ನಿಂತಿದೆ. ಒಂದು ಬದಿಯಲ್ಲಿ ಕೊಳೆತು ಹರಿಯುವ ವೃಷಭಾವತಿ. ಮಳೆ ಬಿದ್ದ ದಿನ ಅದರ ವಾಸನೆ ಬಲ್ಲವರೇ ಬಲ್ಲರು. ಇನ್ನೊಂದು ಬದಿ ನಾಗರಬಾವಿಯ ಅಪಾರ್ಟ್‌ಮೆಂಟುಗಳು. ನಡುವೆ ಉಳಿದಿರುವ ಜೈವಿಕ ಉದ್ಯಾನದ ಮರಗಳು ಆ ಭಾಗದ ನಗರಕ್ಕೆ ಶ್ವಾಸಕೋಶವಿದ್ದ ಹಾಗೆ. ಮೈಸೂರು ರಸ್ತೆಗೂ ನಾಗರಬಾವಿಗೂ ಹೋಗಲು ಕ್ಯಾಂಪಸ್ ಒಳಗಿನ ರಸ್ತೆ ಎಲ್ಲರಿಗೂ ಅಡ್ಡದಾರಿ. 2022ರ ಅಕ್ಟೋಬರ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಕ್ಯಾಂಪಸ್ಸಿನಲ್ಲೇ ಬಸ್ಸಿಗೆ ಸಿಲುಕಿ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತರು. ನಾನು ಸೇರಿದ್ದು ಅದಾದ ಸ್ವಲ್ಪ ದಿನಕ್ಕೆ. ಸೀನಿಯರ್ ಅಕ್ಕಂದಿರು ಮೊದಲ ದಿನ ಹೇಳಿಕೊಟ್ಟದ್ದು ಲೈಬ್ರರಿ ಎಲ್ಲಿದೆ ಅಂತಲ್ಲ, ರಸ್ತೆ ಹೇಗೆ ದಾಟಬೇಕು ಅಂತ.

ಇಷ್ಟೆಲ್ಲದರ ನಡುವೆಯೂ 2023ರಲ್ಲಿ ನ್ಯಾಕ್ ಸಮಿತಿ ಬೆಂಗಳೂರು ವಿವಿಗೆ ಎ++ ಶ್ರೇಣಿ ಕೊಟ್ಟಿತು. ಅದಕ್ಕಿಂತ ಮೇಲಿನ ಶ್ರೇಣಿ ಇಲ್ಲ. ನ್ಯಾಕ್ ಲೆಕ್ಕವೇ ಎಲ್ಲವೂ ಅಲ್ಲ, ನಿಜ. ಆದರೆ ಖಾಸಗಿಯವರು ಅದೇ ಶ್ರೇಣಿಯನ್ನು ಫ್ಲೆಕ್ಸಿನಲ್ಲಿ ಹಾಕಿ ಊರೆಲ್ಲ ಸಾರುತ್ತಾರೆ, ನಾವು ರೆಸ್ಯೂಮೆಯಲ್ಲಿ ಒಂದು ಸಾಲು ಬರೆಯಲೂ ನಾಚುತ್ತೇವೆ.

ಈ ನಾಚಿಕೆಯ ಬಗ್ಗೆಯೇ ನನ್ನ ಮುಖ್ಯ ತಕರಾರು. ಸರ್ಕಾರವನ್ನು ಬೈಯುವುದು ಸುಲಭ, ನಮ್ಮ ಪಾಲೂ ಇದೆ. ನಾನು ಓದುತ್ತಿದ್ದಾಗ ಯಾರಾದರೂ ಕೇಳಿದರೆ ‘ಬೆಂಗಳೂರಲ್ಲಿ ಎಂ.ಕಾಂ. ಮಾಡ್ತಿದೀನಿ’ ಎನ್ನುತ್ತಿದ್ದೆ. ಯಾವ ವಿವಿ ಎಂದು ಕೇಳಿದರೆ ಮಾತ್ರ ಹೇಳುತ್ತಿದ್ದೆ. ನನ್ನ ಸ್ನೇಹಿತೆಯರೂ ಹಾಗೆಯೇ. ನಮ್ಮಲ್ಲಿ ಎಷ್ಟೋ ಮಂದಿ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಲೈಬ್ರರಿ ಬಾಗಿಲು ನೋಡಿದವರು. ಇನ್ನು ಹಳೆಯ ವಿದ್ಯಾರ್ಥಿಗಳು. ಈ ನಗರದ ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಕೋರ್ಟುಗಳಲ್ಲಿ, ಪತ್ರಿಕೆಗಳಲ್ಲಿ, ಆಡಿಟರ್ ಆಫೀಸುಗಳಲ್ಲಿ ಕೂತಿರುವವರಲ್ಲಿ ಬೆಂಗಳೂರು ವಿವಿಯ ಪದವೀಧರರು ಎಷ್ಟು ಜನವಿಲ್ಲ! ನಾನೀಗ ತಾತ್ಕಾಲಿಕವಾಗಿ ಜಿಎಸ್‌ಟಿ ರಿಟರ್ನ್ಸ್ ತುಂಬುವ ಕೆಲಸ ಮಾಡುತ್ತಿರುವ ಆಫೀಸಿನ ಆಡಿಟರ್ ಸಾರ್ ಕೂಡ ನಮ್ಮ ವಿವಿಯವರೇ. ಆರು ತಿಂಗಳಾದ ಮೇಲೆ, ಅದೂ ಗೋಡೆಯ ಮೇಲಿದ್ದ ಅವರ ಸರ್ಟಿಫಿಕೇಟ್ ಧೂಳು ಒರೆಸುವಾಗ ಗೊತ್ತಾಯಿತು. ‘ಹೇಳಲೇ ಇಲ್ಲವಲ್ಲ ಸಾರ್’ ಎಂದೆ. ‘ನೀನೂ ಹೇಳಲಿಲ್ಲವಲ್ಲಮ್ಮ’ ಎಂದರು.

ಖಾಸಗಿ ಸಂಸ್ಥೆಗಳು ಕೆಲಸ ಕೊಡಿಸುವುದರಲ್ಲಿ ಮುಂದಿರುವುದಕ್ಕೆ ಪಾಠ ಒಂದೇ ಕಾರಣವಲ್ಲ. ಕಂಪನಿಗಳ ಬಾಗಿಲು ತಟ್ಟಲೆಂದೇ ಅವರು ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ. ಇದನ್ನು ನಾವು ಯಾಕೆ ಮಾಡಬಾರದು? ಮೂರು ವಿವಿಗಳಾಗಿ ಒಡೆದದ್ದು ಆಯಿತು, ಕನಿಷ್ಠ ಮೂರೂ ಸೇರಿ ಒಂದೇ ಗಟ್ಟಿ ಪ್ಲೇಸ್‌ಮೆಂಟ್ ವಿಭಾಗ ಮಾಡಲಿ. ಪದವಿ ಕೊಡುವಾಗ ಹಳೆಯ ವಿದ್ಯಾರ್ಥಿಗಳ ದಾಖಲೆ ಇಡಲಿ, ಯಾರು ಯಾವ ಕೆಲಸದಲ್ಲಿದ್ದಾರೆ ಎಂದು ಗೊತ್ತಿರಲಿ. ನೂರು ವರ್ಷ ಕಂಡ ಸೆಂಟ್ರಲ್ ಕಾಲೇಜಿನ ಕಟ್ಟಡದಲ್ಲಿ ವರ್ಷಕ್ಕೊಮ್ಮೆ ಉದ್ಯೋಗ ಮೇಳ ಮಾಡಿದರೆ ಮೆಜೆಸ್ಟಿಕ್‌ನಿಂದ ಯಾವ ಊರಿನವರಾದರೂ ಮೆಟ್ರೊದಲ್ಲಿ ಮುಂದಿನ ಸ್ಟೇಷನ್‌ಗೆ ಬಂದರೆ ಸಾಕು. ಕಂಪನಿಗಳಿಗೂ ಒಂದು ಮಾತು. ಈ ನಗರದ ನೆಲ, ನೀರು, ರಸ್ತೆ ಎಲ್ಲ ಬಳಸುತ್ತೀರಿ. ನಿಮ್ಮ ಪಟ್ಟಿಯಲ್ಲಿ ಈ ನಗರದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಒಂದು ಸಾಲು ಕೊಡುವುದಕ್ಕೆ ಕಾಸು ಖರ್ಚಾಗುವುದಿಲ್ಲ.

ಮಾವನಿಗೆ ಇದನ್ನೆಲ್ಲ ಹೇಳಿದೆ. ರಾಮನ್, ರಾಜಾಜಿ ಎಂದಾಗ ಅವರು ಆಕಳಿಸಿದರು. ಅದೆಲ್ಲ ಹಳೇ ಕಾಲದ್ದು ಕಣಮ್ಮ ಎಂದರು. ಆಮೇಲೆ ಅಪ್ಪನ ಎದುರಿಗೆ ಪೇಪರು ಪೆನ್ನು ಹಿಡಿದು ಕೂತೆ. ಎಂಬಿಎ ಸಾಲ, ಅದರ ಬಡ್ಡಿ, ಕಂತು ಶುರುವಾಗುವ ತಿಂಗಳು, ಪದವಿ ಮುಗಿದ ತಕ್ಷಣ ಕೆಲಸ ಸಿಗದಿದ್ದರೆ ಎಷ್ಟು ಬೆಳೆಯ ಗೂಡು ಕಂತಿಗೆ ಹೋಗುತ್ತದೆ ಎಂಬ ಲೆಕ್ಕ ಬರೆದೆ. ಬ್ಯಾಲೆನ್ಸ್ ಶೀಟ್ ಬರೆಯುವುದು ಕಲಿಸಿದವರು ಜ್ಞಾನಭಾರತಿಯವರೇ. ಅಪ್ಪ ಎರಡು ಸಲ ಓದಿದರು. ‘ಒಂದು ಬೆಳೆ ಸುಣ್ಣಕಟ್ಟು ರೋಗ ಬಂದು ಹೋದರೆ?’ ಎಂದು ಕೇಳಿದರು. ಅದನ್ನೂ ಬರೆದೆ. ಮಾವ ಏನೂ ಹೇಳದೆ ಎದ್ದು ಚಂದ್ರಿಕೆಗಳನ್ನು ನೋಡಲು ಹುಳುಮನೆ ಕಡೆ ಹೋದರು.

ಒಂದನ್ನು ಮಾವ ಕೇಳದಿದ್ದರೂ ನಾನೇ ಒಪ್ಪಿಕೊಂಡೆ. ನನಗಿನ್ನೂ ಕಾಯಂ ಕೆಲಸ ಸಿಕ್ಕಿಲ್ಲ. ತಂಗಿಗೂ ತಕ್ಷಣ ಸಿಗದೇ ಹೋಗಬಹುದು. ಆದರೆ ನಾನು ಹುಡುಕುತ್ತಿರುವುದು ಸಾಲವಿಲ್ಲದೆ. ಬೇಡವೆನ್ನಿಸಿದ ಕೆಲಸವನ್ನು ಬೇಡ ಎನ್ನುವ ಧೈರ್ಯ ನನಗಿದೆ. ಜೊತೆಯಲ್ಲಿ ಓದಿದ ಊರಿನ ಗೆಳತಿಯೊಬ್ಬಳು ದೊಡ್ಡ ಸಾಲ ಮಾಡಿ ಬೇರೆಡೆ ಎಂಬಿಎ ಮಾಡಿದಳು. ಅವಳು ಈಗ ಇಷ್ಟವಿಲ್ಲದ ಮಾರ್ಕೆಟಿಂಗ್ ಕೆಲಸದಲ್ಲಿ ತಿಂಗಳ ಐದನೇ ತಾರೀಖಿಗೆ ಕಂತು ಕಟ್ಟಲು ಓಡುತ್ತಿದ್ದಾಳೆ. ರಜೆ ಹಾಕಿ ಬ್ಯಾಂಕ್ ಪರೀಕ್ಷೆ ಬರೆಯಲೂ ಅವಳಿಗೆ ಆಗುತ್ತಿಲ್ಲ.

ಮೊನ್ನೆ ಭಾನುವಾರ ಮಾಗಡಿಯ ಸೈಬರ್ ಸೆಂಟರಿನಲ್ಲಿ ತಂಗಿಗೂ ನನಗೂ ಯುಯುಸಿಎಂಎಸ್ ಪೋರ್ಟಲ್ ತೆರೆದುಕೊಂಡು ಕೂರುವ ಕೆಲಸ. ಪಿ.ಜಿ. ಪ್ರವೇಶದ ಅರ್ಜಿ ಬಿಡುಗಡೆಯಾದ ಕೂಡಲೇ ತುಂಬಲು ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಸ್ಕ್ಯಾನ್ ಮಾಡಿಸಿ ಇಟ್ಟೆವು. ವಿಶ್ವವಿದ್ಯಾಲಯಗಳ ಪಟ್ಟಿ ಅಲ್ಲೂ ತೆರೆದುಕೊಂಡಿತು. ಬೆಂಗಳೂರು ವಿಶ್ವವಿದ್ಯಾಲಯ ಮೇಲಿನ ಸಾಲುಗಳಲ್ಲೇ ಇತ್ತು. ‘ಇದೇ ತಾನೆ ಅಕ್ಕ?’ ಎಂದು ತಂಗಿ ಬೆರಳಿಟ್ಟು ತೋರಿಸಿದಳು.